ರಾತ್ರಿ 2 ಗಂಟೆಗೆ ನೋಡ್‌ಗಳು ನಾಟ್‌ರೆಡಿ: ಲಾಗ್ ಲೆವೆಲ್ ಎಲ್ಲಿ, ಎಷ್ಟಕ್ಕೆ ಏರಿಸಲಿ?

ತುಂಗಾತೀರ · ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಕುಬರ್ನೆಟೀಸ್ ಕ್ಲಸ್ಟರ್ (ಹಲವು ಮಷಿನ್‌ಗಳನ್ನು ಒಟ್ಟುಗೂಡಿಸಿ ಅವುಗಳ ಮೇಲೆ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ; ಒಂದೊಂದು ಮಷಿನ್ ಒಂದು ನೋಡ್) ಮೂರು ತಿಂಗಳಿಂದ ನನ್ನ ಕೈಗೆ ಬಂದಿದೆ. ಕ್ಲಸ್ಟರನ್ನು ನಿಯಂತ್ರಿಸುವ ಮೂರು ಕಂಟ್ರೋಲ್ ಪ್ಲೇನ್, ಕೆಲಸ ಓಡಿಸುವ ಆರು ವರ್ಕರ್, ಎಲ್ಲವೂ ನಮ್ಮದೇ ಸರ್ವರ್ ರೂಮಿನ ವರ್ಚುವಲ್ ಮಷಿನ್‌ಗಳು. ಕ್ಯೂಬ್‌ಎಡಿಎಂ ಎಂಬ ಸಾಧನ ಬಳಸಿ ಕಟ್ಟಿದ್ದು, ಆವೃತ್ತಿ 1.30.

ಎರಡು ವಾರದಿಂದ ರಾತ್ರಿ ಎರಡರ ಸುಮಾರಿಗೆ ಎರಡು ಮೂರು ನೋಡ್‌ಗಳು ನಾಟ್‌ರೆಡಿ (ಕೆಲಸಕ್ಕೆ ಸಿದ್ಧವಿಲ್ಲ) ಆಗುತ್ತವೆ. ಒಂದೆರಡು ನಿಮಿಷಕ್ಕೆ ತಾವೇ ಸರಿಹೋಗುತ್ತವೆ. ಪಾಡ್‌ಗಳನ್ನು (ನೋಡ್ ಮೇಲೆ ಓಡುವ ಕಂಟೈನರ್‌ಗಳ ಗುಂಪುಗಳನ್ನು) ಎತ್ತಂಗಡಿ ಮಾಡಲು 5 ನಿಮಿಷ ಬೇಕಲ್ಲ, ಅಷ್ಟರವರೆಗೆ ಹೋಗಿಲ್ಲ, ಹಾಗಾಗಿ ಬಳಕೆದಾರರಿಗೆ ಇನ್ನೂ ಗೊತ್ತಾಗಿಲ್ಲ. ಆದರೆ ಅಲರ್ಟ್ ಬಂದು ಪ್ರತಿ ರಾತ್ರಿ ಎಚ್ಚರವಾಗುತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲವೂ ರೆಡಿ.

ಡೀಬಗ್ ಲಾಗ್ ಆನ್ ಮಾಡಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಲಾಗ್‌ನ ವಿವರ ಹೆಚ್ಚಿಸಲು --ವಿ ಅಂತ ಒಂದು ಫ್ಲ್ಯಾಗ್ ಇದೆ ಅಂತ ಓದಿದೆ. ಎಲ್ಲ ಕಡೆಯೂ 10 ಹಾಕಿಬಿಡಲೇ? ಯಾವ ಫೈಲಿನಲ್ಲಿ ಹಾಕಬೇಕು?

---

ರಾತ್ರಿಪಾಳಿ · ಸೋಮವಾರ, ರಾತ್ರಿ 9:50

ತಡೀರಿ, 10 ಬೇಡ. ಎಲ್ಲ ಕಡೆ ಅಂತೂ ಬೇಡವೇ ಬೇಡ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಜಾವಾ ಕಡೆಯಿಂದ ಬಂದವರ ತಲೆಯಲ್ಲಿ ಲಾಗ್ ಲೆವೆಲ್ ಅಂದರೆ ಎರರ್, ವಾರ್ನ್, ಇನ್ಫೋ, ಡೀಬಗ್ ಅನ್ನುವ ಒಂದೇ ಏಣಿ. ಕುಬರ್ನೆಟೀಸ್‌ನ ಒಳಗಿನ ಘಟಕಗಳು ಬಳಸುವುದು ಕೆ-ಲಾಗ್ ಎಂಬ ಲೈಬ್ರರಿ, ಗೂಗಲ್‌ನ ಜಿ-ಲಾಗ್‌ನಿಂದ ಕವಲೊಡೆದದ್ದು. ಇದರಲ್ಲಿ ತೀವ್ರತೆ ಬೇರೆ, ವಿವರದ ಮಟ್ಟ ಬೇರೆ. ಪ್ರತಿ ಸಾಲಿನ ಮೊದಲ ಅಕ್ಷರ ನೋಡಿ: ಐ ಇದ್ದರೆ ಮಾಹಿತಿ, ಡಬ್ಲ್ಯು ಇದ್ದರೆ ಎಚ್ಚರಿಕೆ, ಇ ಇದ್ದರೆ ದೋಷ, ಎಫ್ ಇದ್ದರೆ ಆ ಪ್ರೋಗ್ರಾಮ್ ಅಲ್ಲಿಗೇ ನಿಂತಿತು ಅಂತ. ಅಕ್ಷರಕ್ಕೆ ಅಂಟಿಕೊಂಡೇ ತಿಂಗಳು ಮತ್ತು ದಿನದ ನಾಲ್ಕು ಅಂಕಿ, ಆಮೇಲೆ ಸಮಯ, ಥ್ರೆಡ್ ಸಂಖ್ಯೆ, ಕೋಡ್ ಫೈಲಿನ ಹೆಸರು, ಅದರೊಳಗಿನ ಸಾಲಿನ ಸಂಖ್ಯೆ. --ವಿ ಏರಿಸಿದರೆ ಹೆಚ್ಚುವುದು ಐ ಸಾಲುಗಳು. ದೋಷದ ಸಾಲು ಸೊನ್ನೆಯಲ್ಲಿಟ್ಟರೂ ಬಂದೇ ಬರುತ್ತದೆ.

ಅಂದರೆ ನಿಮ್ಮ ತೊಂದರೆಗೆ ಇ ಸಾಲು ಬಿದ್ದಿದ್ದರೆ ಅದು ಈಗಾಗಲೇ ಲಾಗ್‌ನಲ್ಲಿದೆ. ಓದಿದ್ದೀರಾ?

ಅಂಕಿಗಳ ವಿಷಯ: 2 ಅಂದರೆ ದಿನನಿತ್ಯಕ್ಕೆ ಸಾಕಾಗುವಷ್ಟು, ಹೆಚ್ಚಿನ ಕ್ಲಸ್ಟರ್‌ಗಳಿಗೆ ಶಿಫಾರಸು ಮಾಡುವುದೂ ಅದನ್ನೇ. 3ರಲ್ಲಿ ಬದಲಾವಣೆಗಳ ವಿವರ ಜಾಸ್ತಿ. 4 ಡೀಬಗ್ ಮಟ್ಟ. 6ರಿಂದ ಮೇಲೆ ಎಚ್‌ಟಿಟಿಪಿ ಕೋರಿಕೆಗಳು ಶುರು: 6ರಲ್ಲಿ ಯಾವ ಸಂಪನ್ಮೂಲ ಕೇಳಿದರು, 7ರಲ್ಲಿ ಹೆಡರ್, 8ರಲ್ಲಿ ಒಳಗಿನ ಮಾಹಿತಿ, 9ರಲ್ಲಿ ಅದೇ ಮಾಹಿತಿ ಕತ್ತರಿಸದೆ ಪೂರ್ತಿ. ನಾನು ಸರ್ವರ್ ಕಡೆ 4 ದಾಟಿದ್ದು ಬೆರಳೆಣಿಕೆಯ ಸಲ.

---

ಗಂಡುಮೆಟ್ಟಿನನಾಡು · ಸೋಮವಾರ, ರಾತ್ರಿ 10:21

ತುಂಗಾತೀರ ಅವ್ರ, ಸರ್ವರ್‌ಗೆ ಕೈ ಹಚ್ಚೂಕಿಂತ ಮೊದ್ಲ ನಿಮ್ಮ ಲ್ಯಾಪ್‌ಟಾಪ್‌ನ್ಯಾಗ ಕ್ಯೂಬ್‌ಸಿಟಿಎಲ್‌ಗೆ (ಕ್ಲಸ್ಟರ್ ಜೋಡಿ ಮಾತಾಡೂ ಕಮಾಂಡ್) -ವಿ=6 ಹಾಕಿ ನೋಡ್ರಿ. ಯಾವ ವಿಳಾಸಕ್ಕ ಹೋತು, ಉತ್ತರ 200 (ಸರಿ) ಬಂತೋ 500 (ದೋಷ) ಬಂತೋ, ಎಷ್ಟು ಮಿಲಿಸೆಕೆಂಡ್ ಹಿಡೀತು, ಎಲ್ಲಾ ಒಂದ ಸಾಲಿನ್ಯಾಗ ತೋರಸ್ತದ. ಕ್ಲಸ್ಟರ್ ಮ್ಯಾಲೆ ಏನೂ ಭಾರ ಬೀಳಂಗಿಲ್ಲ, ಯಾಕಂದ್ರ ಅದು ಬರೇ ನಿಮ್ಮ ಕಡೀ ಲಾಗು. ರಾತ್ರಿ ಎರಡಕ್ಕ ಆ ಮಿಲಿಸೆಕೆಂಡ್ ಏರತಾವೇನು ಅನ್ನೂದು ಗೊತ್ತಾದ್ರ ಅರ್ಧ ಕೆಲಸ ಮುಗದಂಗ.

8, 9 ಹಾಕಿದ ಔಟ್‌ಪುಟ್ ಮಾತ್ರ ಇಲ್ಲಿ ಅಂಟಸಬ್ಯಾಡ್ರಿ. ಸೀಕ್ರೆಟ್ (ಪಾಸ್‌ವರ್ಡ್‌ನಂಥಾ ಗುಟ್ಟಿನ ಮಾಹಿತಿ) ಓದೂ ಕಮಾಂಡ್‌ಗೆ 8 ಹಾಕಿದ್ರ ಸೀಕ್ರೆಟ್ಟೇ ಪರದೆ ಮ್ಯಾಲೆ ಬರ್ತದ. ಅದನ್ನ ಬರೆದಿರೂ ಬೇಸ್64 ಅನ್ನೂ ರೂಪ ಬೀಗ ಅಲ್ಲ, ಯಾರ ಬೇಕಾದ್ರೂ ಬಿಚ್ಚಿ ಓದಬಹುದು.

---

ಸಂಪಿಗೆಮರ · ಸೋಮವಾರ, ರಾತ್ರಿ 11:05

ಮೇಲಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ, ಇದು ಎಲ್ಲರೂ ತಿಳಿದಿರಬೇಕಾದ್ದು. ಸಿವಿಇ-2019-11250 ಅಂತ ಒಂದು ಭದ್ರತಾ ದೋಷವಿತ್ತು. ಲೆವೆಲ್ 7 ಮತ್ತು ಮೇಲಿದ್ದರೆ ಹೆಡರ್ ಜೊತೆ ಬೇರರ್ ಟೋಕನ್ (ಕೈಯಲ್ಲಿದ್ದವರಿಗೆ ಪ್ರವೇಶ ಕೊಡುವ ಗುಟ್ಟಿನ ಸಂಕೇತ) ಕೂಡ ಲಾಗ್‌ಗೆ ಬೀಳುತ್ತಿತ್ತು. 1.16ರಲ್ಲಿ ಸರಿಪಡಿಸಿದರು. ಆ ದುರಸ್ತಿ ಪೂರ್ತಿಯಾಗಿರಲಿಲ್ಲ, 9ರಲ್ಲಿ ಇನ್ನೂ ಸೋರುತ್ತಿದೆ ಅಂತ 2020ರಲ್ಲಿ ಇನ್ನೊಂದು ಸಿವಿಇ ಬಂತು. ಅದೇ ಹೊತ್ತಿಗೆ ಕಂಟ್ರೋಲರ್ ಮ್ಯಾನೇಜರ್ (ಕ್ಲಸ್ಟರ್‌ನ ಸ್ಥಿತಿ ನೋಡಿಕೊಳ್ಳುವ ಘಟಕ) ಲೆವೆಲ್ 4ರಲ್ಲಿದ್ದರೆ ಸೆಫ್ ಆರ್‌ಬಿಡಿ ಎಂಬ ಸ್ಟೋರೇಜ್‌ನ ಅಡ್ಮಿನ್ ಸೀಕ್ರೆಟ್ ಲಾಗ್‌ನಲ್ಲಿ ಕಾಣುತ್ತದೆ ಅಂತಲೂ ಒಂದು. ಎಲ್ಲಕ್ಕೂ ಪರಿಹಾರ ಬಂದಾಗಿದೆ, 1.30ರಲ್ಲಿ ನಿಮಗೆ ಈ ಮೂರರ ಭಯವಿಲ್ಲ.

ಆದರೂ ಇದನ್ನು ಹೇಳುವ ಕಾರಣ ಬೇರೆ. ನಿಮ್ಮ ಲಾಗ್‌ಗಳು ನೋಡ್‌ನಲ್ಲೇ ಉಳಿಯುವುದಿಲ್ಲ. ಫ್ಲುಯೆಂಟ್‌ಬಿಟ್‌ನಂಥದ್ದು ಅವನ್ನೆತ್ತಿ ಬೇರೆ ಕಡೆ ಸಾಗಿಸುತ್ತಿರುತ್ತದೆ, ಆ ಕಡೆ ಓದುವ ಹಕ್ಕು ಇನ್ನೂ ಹತ್ತು ಜನರಿಗಿರುತ್ತದೆ. ಲೆವೆಲ್ ಏರಿಸುವ ಮುಂಚೆ ಆ ಲಾಗ್ ಯಾರ ಕಣ್ಣಿಗೆ ಬೀಳುತ್ತದೆ ಅಂತ ಒಮ್ಮೆ ವಿಚಾರಿಸಿ.

---

ತುಂಗಾತೀರ · ಮಂಗಳವಾರ, ಬೆಳಿಗ್ಗೆ 8:30

ಎಲ್ಲರಿಗೂ ಧನ್ಯವಾದ. ನಿಮ್ಮ ಉತ್ತರಗಳನ್ನು ನೋಡುವಷ್ಟರಲ್ಲಿ ನಾನು ರಾತ್ರಿಯೇ ಎಪಿಐ ಸರ್ವರ್‌ಗೆ (ಕ್ಲಸ್ಟರ್‌ಗೆ ಬರುವ ಕೋರಿಕೆಗಳನ್ನು ತೆಗೆದುಕೊಳ್ಳುವ ಘಟಕ) 8 ಹಾಕಿಬಿಟ್ಟಿದ್ದೆ, ಕ್ಷಮಿಸಿ. /ಎಟ್‌ಸಿ/ಕುಬರ್ನೆಟೀಸ್/ಮ್ಯಾನಿಫೆಸ್ಟ್ಸ್ ಫೋಲ್ಡರಿನಲ್ಲಿ ಅದರ ಸೆಟ್ಟಿಂಗ್ ಇರುವ ವೈಎಎಂಎಲ್ ಫೈಲನ್ನು ಮೂರೂ ಕಂಟ್ರೋಲ್ ಪ್ಲೇನ್‌ಗಳಲ್ಲಿ ತಿದ್ದಿದೆ. ಎರಡು ವಿಚಿತ್ರಗಳಾದವು.

ಒಂದು: ಮೊದಲ ನೋಡ್‌ನಲ್ಲಿ ಬದಲಾವಣೆ ಹಿಡಿಯಲೇ ಇಲ್ಲ. ಪ್ರೋಸೆಸ್ ಪಟ್ಟಿಯಲ್ಲಿ ಹಳೆಯ ಸಾಲೇ ಇದೆ, ಫೈಲಿನಲ್ಲಿ 8 ಇದೆ.

ಎರಡು: ಉಳಿದ ಎರಡರಲ್ಲಿ 8 ಹಿಡಿಯಿತು, ಲಾಗ್ ಹೊಳೆಯಂತೆ ಹರಿಯಿತು. 2:04ಕ್ಕೆ ಅಲರ್ಟ್ ಬಂತು. ಬೆಳಿಗ್ಗೆ ಎದ್ದು ಕ್ಯೂಬ್‌ಸಿಟಿಎಲ್ ಲಾಗ್ಸ್ ಕೊಟ್ಟರೆ ಸಿಕ್ಕಿದ್ದು 7:50ರಿಂದ ಈಚಿನದು ಮಾತ್ರ. ಎರಡು ಗಂಟೆಯ ಸಾಲುಗಳು ಎಲ್ಲಿ ಹೋದವು?

---

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 9:02

ಮೊದಲ ನೋಡ್‌ನಲ್ಲಿ ತಿದ್ದುವ ಮುಂಚೆ ಹಳೆಯ ಫೈಲಿನ ನಕಲನ್ನು ಅದೇ ಫೋಲ್ಡರಿನಲ್ಲಿ ಇಟ್ಟಿರಾ? ಕೊನೆಗೆ ಬ್ಯಾಕ್ ಅಂತ ಹೆಸರು ಸೇರಿಸಿ?

---

ತುಂಗಾತೀರ · ಮಂಗಳವಾರ, ಬೆಳಿಗ್ಗೆ 9:06

ಹೌದು! ಮೊದಲನೆಯದರಲ್ಲಿ ಮಾತ್ರ.

---

ರಾತ್ರಿಪಾಳಿ · ಮಂಗಳವಾರ, ಬೆಳಿಗ್ಗೆ 9:31

ಅದೇ ಕಾರಣ. ಆ ಫೋಲ್ಡರನ್ನು ಕ್ಯೂಬ್‌ಲೆಟ್ (ಪ್ರತಿ ನೋಡ್‌ನಲ್ಲೂ ಪಾಡ್‌ಗಳನ್ನು ಓಡಿಸುವ ಘಟಕ) ಕಾಯುತ್ತಾ ಕೂತಿರುತ್ತದೆ. ಚುಕ್ಕಿಯಿಂದ ಶುರುವಾಗುವ ಹೆಸರು ಬಿಟ್ಟು ಅಲ್ಲಿರುವ ಪ್ರತಿ ಫೈಲನ್ನೂ ಸ್ಟ್ಯಾಟಿಕ್ ಪಾಡ್ (ಫೈಲಿನಿಂದ ನೇರವಾಗಿ ಓಡಿಸುವ ಪಾಡ್) ಎಂದೇ ಓದುತ್ತದೆ. ಫೈಲಿನ ಹೆಸರಿನ ಬಾಲ ಏನಿದೆ ಅಂತ ನೋಡುವುದಿಲ್ಲ. ಒಂದೇ ಹೆಸರಿನ ಎರಡು ಪಾಡ್ ಸಿಕ್ಕಾಗ ಹಳೆಯದು ಗೆದ್ದಿದೆ. ನಕಲನ್ನು ಬೇರೆ ಫೋಲ್ಡರಿಗೆ ಸಾಗಿಸಿ, ತಾನೇ ಸರಿಹೋಗುತ್ತದೆ.

ಇನ್ನು ಕಾಣೆಯಾದ ಸಾಲುಗಳು. ಕಂಟೈನರ್ ಲಾಗ್ ಫೈಲು 10 ಎಂಐಬಿ (ಸುಮಾರು 10 ಎಂಬಿ) ತಲುಪಿದಾಗ ಕ್ಯೂಬ್‌ಲೆಟ್ ಅದನ್ನು ಬದಿಗೆ ಸರಿಸಿ ಹೊಸದು ತೆರೆಯುತ್ತದೆ. ಇಟ್ಟುಕೊಳ್ಳುವುದು ಒಟ್ಟು 5 ಫೈಲು. ಇವು ಡೀಫಾಲ್ಟ್ ಮೌಲ್ಯಗಳು, ಕ್ಯೂಬ್‌ಲೆಟ್ ಕಾನ್ಫಿಗ್‌ನಲ್ಲಿ ಬದಲಾಯಿಸಬಹುದು. ಕ್ಯೂಬ್‌ಸಿಟಿಎಲ್ ಲಾಗ್ಸ್ ತೋರಿಸುವುದು ಕೊನೆಯ ಫೈಲನ್ನು ಮಾತ್ರ. ಹಳೆಯವು /ವಾರ್/ಲಾಗ್/ಪಾಡ್ಸ್ ಒಳಗೆ ಜಿಜಿಪ್ ಆಗಿ (ಕುಗ್ಗಿಸಿದ ರೂಪದಲ್ಲಿ) ಕೂತಿರುತ್ತವೆ. ಆದರೆ ಲೆವೆಲ್ 8ರಲ್ಲಿ ಎಪಿಐ ಸರ್ವರ್ ಬರೆಯುವ ವೇಗಕ್ಕೆ 50 ಎಂಐಬಿ ಬಹಳ ಹೊತ್ತು ಬಾಳುವುದಿಲ್ಲ. ಎರಡು ಗಂಟೆಯ ಸಾಲುಗಳು ಬೆಳಗಾಗುವಷ್ಟರಲ್ಲಿ ಅಳಿಸಿಹೋಗಿವೆ. ಲೆವೆಲ್ 2ರಲ್ಲೇ ಇಟ್ಟಿದ್ದರೆ ಉಳಿದಿರುತ್ತಿದ್ದವು.

ನನಗೆ ಈ ಸಂಗತಿ ಬಹಳ ಮುಖ್ಯ ಅನಿಸುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಲೆವೆಲ್ ಏರಿಸುವುದೆಂದರೆ ವಿವರವನ್ನು ಕೊಂಡು ಕಾಲವನ್ನು ಮಾರಿದ ಹಾಗೆ. ಕಣ್ಣೆದುರೇ ನಡೆಯುತ್ತಿರುವ ತೊಂದರೆಗೆ ಈ ವ್ಯಾಪಾರ ಸರಿ. ನೀವು ನಿದ್ದೆಯಲ್ಲಿರುವಾಗ ಬಂದು ಹೋಗುವ ತೊಂದರೆಗೆ ಇದು ನಷ್ಟ.

---

ಕಡಲತಡಿ · ಮಂಗಳವಾರ, ಬೆಳಿಗ್ಗೆ 10:15

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ ಮಾರಾಯ್ರೆ. ನಮ್ಮಲ್ಲಿ ಕ್ಯೂಬ್‌ಲೆಟ್ ಯಾವಾಗಲೂ 4ರಲ್ಲೇ ಇರ್ತದೆ. ತೊಂದರೆ ಆದ ಮೇಲೆ ಏರಿಸಿದ್ರೆ ಏನು ಪ್ರಯೋಜನ? ಅದು ಮತ್ತೆ ಬರುವವರೆಗೆ ಕಾಯ್ಬೇಕಲ್ಲ. ಲಾಗ್ ಇಡ್ಲಿಕ್ಕೆ ಡಿಸ್ಕ್ ದೊಡ್ಡದು ಹಾಕಿದ್ರೆ ಆಯ್ತು.

---

ಸಂಪಿಗೆಮರ · ಮಂಗಳವಾರ, ಬೆಳಿಗ್ಗೆ 11:40

ಕಡಲತಡಿ ಅವರೇ, ಕ್ಯೂಬ್‌ಲೆಟ್ ಪಾಡ್ ಅಲ್ಲ, ಲಿನಕ್ಸ್‌ನ ಸಿಸ್ಟಮ್‌ಡಿ ನಡೆಸುವ ಸೇವೆ. ಅದರ ಲಾಗ್ ಹೋಗುವುದು ಲಿನಕ್ಸ್‌ನ ಲಾಗ್ ಸೇವೆಯಾದ ಜರ್ನಲ್‌ಡಿಗೆ. ಅಲ್ಲಿ 30 ಸೆಕೆಂಡಿಗೆ 10,000 ಸಾಲಿನ ಮಿತಿಯಿದೆ. ದಾಟಿದರೆ ಮಿಕ್ಕ ಸಾಲುಗಳನ್ನು ಬಿಸಾಡಿ, ಇಷ್ಟು ಸಾಲು ಸಪ್ರೆಸ್ಡ್ ಅಂತ ಒಂದು ಷರಾ ಬರೆದು ಸುಮ್ಮನಾಗುತ್ತದೆ. ತೊಂದರೆಯ ಕ್ಷಣದಲ್ಲೇ ಕ್ಯೂಬ್‌ಲೆಟ್ ಅತಿ ಹೆಚ್ಚು ಬರೆಯುವುದು, ಆ ಕ್ಷಣದ ಸಾಲುಗಳೇ ಬಿದ್ದುಹೋಗುವುದು. 4ರಲ್ಲಿ ನಿಮಗೆ ಈ ಮಿತಿ ತಟ್ಟದೆ ಇರಬಹುದು, ಪಾಡ್ ಕಡಿಮೆ ಇದ್ದರೆ. 8ರಲ್ಲಿ ತಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಇನ್ನೊಂದು ಅನುಭವ ಹೇಳಲೇಬೇಕು. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ವರ್ಕರ್‌ಗಳ ಕ್ಯೂಬ್‌ಲೆಟ್‌ಗೆ 8 ಹಾಕಿ ವಾರಾಂತ್ಯಕ್ಕೆ ಮನೆಗೆ ಹೋದೆವು. ಜರ್ನಲ್‌ಡಿ ತಾನು ಬಳಸುವ ಜಾಗಕ್ಕೆ ಮಿತಿ ಇಟ್ಟುಕೊಂಡಿರುತ್ತದೆ, ಡೀಫಾಲ್ಟ್ ಆಗಿ ಫೈಲ್‌ಸಿಸ್ಟಮ್‌ನ ಶೇ. 10, ಗರಿಷ್ಠ 4 ಜಿಬಿ. ಹಾಗಾಗಿ ಭಯವಿಲ್ಲ ಅಂದುಕೊಂಡಿದ್ದೆವು. ಆದರೆ ಅದೇ ಸಾಲುಗಳನ್ನು ಆರ್‌ಸಿಸ್‌ಲಾಗ್ ಎಂಬ ಇನ್ನೊಂದು ಲಾಗ್ ಸೇವೆ ಮತ್ತೊಮ್ಮೆ /ವಾರ್/ಲಾಗ್/ಸಿಸ್‌ಲಾಗ್‌ಗೆ ಬರೆಯುತ್ತಿತ್ತು, ಅದಕ್ಕೆ ಗಾತ್ರದ ಮಿತಿ ಯಾರೂ ಹಾಕಿರಲಿಲ್ಲ. ಡಿಸ್ಕ್‌ನಲ್ಲಿ ಉಳಿದ ಜಾಗ ಶೇ. 10ಕ್ಕಿಂತ ಕೆಳಗಿಳಿದಾಗ ನೋಡ್‌ಗೆ ಡಿಸ್ಕ್‌ಪ್ರೆಶರ್ (ಡಿಸ್ಕ್ ಜಾಗದ ಕೊರತೆ) ಎಂಬ ಗುರುತು ಹಚ್ಚಿಕೊಂಡಿತು, ಕ್ಯೂಬ್‌ಲೆಟ್ ಪಾಡ್‌ಗಳನ್ನು ಹೊರಹಾಕತೊಡಗಿತು. ಅವು ಪಕ್ಕದ ನೋಡ್‌ಗೆ ಹೋದವು, ಅಲ್ಲೂ ಅದೇ ಕಥೆ. ಒಂದು ಚಿಕ್ಕ ತೊಂದರೆ ಹುಡುಕಲು ಹೋಗಿ ದೊಡ್ಡ ತೊಂದರೆಯನ್ನು ನಾವೇ ಮಾಡಿಟ್ಟೆವು. ಭಾನುವಾರ ಮಧ್ಯಾಹ್ನ ಬಳಕೆದಾರರ ಫೋನ್ ಬಂದಾಗಲೇ ಗೊತ್ತಾಗಿದ್ದು.

---

ಕಡಲತಡಿ · ಮಂಗಳವಾರ, ಮಧ್ಯಾಹ್ನ 12:10

ಸಪ್ರೆಸ್ಡ್ ಅಂತ ಹುಡುಕಿ ನೋಡಿದೆ. ಕಳೆದ ವಾರ ಎರಡು ನೋಡ್‌ಗಳಲ್ಲಿ ಉಂಟು. ಇಷ್ಟು ದಿನ ಗಮನಿಸಿರಲಿಲ್ಲ. ನಿಮ್ಮ ಮಾತು ಸರಿ, ಕೆಳಗೆ ಇಳಿಸ್ತೇನೆ.

---

ರಾತ್ರಿಪಾಳಿ · ಮಂಗಳವಾರ, ಮಧ್ಯಾಹ್ನ 1:25

ತುಂಗಾತೀರ ಅವರೇ, ಈಗ ಮೂಲ ಪ್ರಶ್ನೆಗೆ ಬರೋಣ. ಯಾವ ಘಟಕದ ಲಾಗ್ ನೋಡಬೇಕು ಅನ್ನುವುದನ್ನು ನಾಟ್‌ರೆಡಿ ಅಂತ ಘೋಷಿಸಿದ್ದು ಯಾರು ಅನ್ನುವುದು ತೀರ್ಮಾನಿಸುತ್ತದೆ. ಇಲ್ಲಿ ಎರಡು ದಾರಿಗಳಿವೆ.

ನೋಡ್‌ನ ರೆಡಿ ಸ್ಥಿತಿ ಫಾಲ್ಸ್ ಆಗಿದ್ದರೆ ಕ್ಯೂಬ್‌ಲೆಟ್ಟೇ ಬಂದು ನನಗೆ ಹುಷಾರಿಲ್ಲ ಅಂತ ಹೇಳಿದೆ ಅಂತ ಅರ್ಥ. ಕಂಟೈನರ್ ರನ್‌ಟೈಮ್ (ಕಂಟೈನರ್ ಓಡಿಸುವ ಕಂಟೈನರ್‌ಡಿಯಂಥ ಪ್ರೋಗ್ರಾಮ್) ಸತ್ತಿರಬಹುದು, ನೆಟ್‌ವರ್ಕ್ ಪ್ಲಗಿನ್ ಇನ್ನೂ ಸಿದ್ಧವಾಗಿರಲಿಕ್ಕಿಲ್ಲ. ಆಗ ಹುಡುಕಬೇಕಾದ್ದು ಆ ನೋಡ್‌ನ ಕ್ಯೂಬ್‌ಲೆಟ್ ಮತ್ತು ಕಂಟೈನರ್‌ಡಿ ಲಾಗ್.

ರೆಡಿ ಸ್ಥಿತಿ ಅನ್‌ನೋನ್ ಆಗಿದ್ದರೆ ಕ್ಯೂಬ್‌ಲೆಟ್ ಏನೂ ಹೇಳಿಲ್ಲ. ಅದು ಪ್ರತಿ 10 ಸೆಕೆಂಡಿಗೆ ತನ್ನ ಲೀಸ್ (ನಾನು ಬದುಕಿದ್ದೇನೆ ಅನ್ನುವ ದಾಖಲೆ) ನವೀಕರಿಸಬೇಕು. ನಿಮ್ಮ ಆವೃತ್ತಿಯಲ್ಲಿ 40 ಸೆಕೆಂಡ್ ಸುದ್ದಿ ಇಲ್ಲದಿದ್ದರೆ ಕಂಟ್ರೋಲರ್ ಮ್ಯಾನೇಜರ್ ಆ ನೋಡ್‌ಗೆ ಅನ್‌ನೋನ್ ಬರೆಯುತ್ತದೆ. ಆಗ ಅನುಮಾನ ಹೋಗಬೇಕಾದ್ದು ಕ್ಯೂಬ್‌ಲೆಟ್‌ನಿಂದ ಎಪಿಐ ಸರ್ವರ್ ದಾಟಿ, ಕ್ಲಸ್ಟರ್‌ನ ಮಾಹಿತಿ ಉಳಿಸುವ ಡೇಟಾಬೇಸ್ ಆದ ಎಟ್‌ಸಿಡಿವರೆಗಿನ ಹಾದಿಯ ಮೇಲೆ.

ಕ್ಲಸ್ಟರ್ ಬರೆದಿಡುವ ಈವೆಂಟ್‌ಗಳು ಡೀಫಾಲ್ಟ್ ಆಗಿ 1 ಗಂಟೆ ಮಾತ್ರ ಉಳಿಯುತ್ತವೆ, ಹಾಗಾಗಿ ಬೆಳಿಗ್ಗೆ ನೋಡಿದರೆ ಸಿಗುವುದಿಲ್ಲ. ಇವತ್ತು ರಾತ್ರಿ ಎಲ್ಲವನ್ನೂ 2ಕ್ಕೆ ಇಳಿಸಿ ಮಲಗಿ. ನಾಳೆ ಬೆಳಿಗ್ಗೆ 2:00ರಿಂದ 2:10ರವರೆಗಿನ ಕ್ಯೂಬ್‌ಲೆಟ್ ಲಾಗನ್ನು ಜರ್ನಲ್‌ಸಿಟಿಎಲ್‌ನಿಂದ ತೆಗೆದು, ಇ ಮತ್ತು ಡಬ್ಲ್ಯು ಸಾಲುಗಳನ್ನು ಮಾತ್ರ ಓದಿ. ಜೊತೆಗೆ ಈಗಲೇ ಕ್ಯೂಬ್-ಸಿಸ್ಟಮ್‌ನ (ಕುಬರ್ನೆಟೀಸ್‌ನ ಸ್ವಂತ ಘಟಕಗಳಿರುವ ವಿಭಾಗ) ಪಾಡ್‌ಗಳ ರೀಸ್ಟಾರ್ಟ್ ಎಣಿಕೆ ನೋಡಿ ಹೇಳಿ.

---

ತುಂಗಾತೀರ · ಮಂಗಳವಾರ, ಮಧ್ಯಾಹ್ನ 1:48

ಕಂಟ್ರೋಲರ್ ಮ್ಯಾನೇಜರ್ 14 ಸಲ, ಶೆಡ್ಯೂಲರ್ (ಯಾವ ಪಾಡ್ ಯಾವ ನೋಡ್‌ಗೆ ಅಂತ ತೀರ್ಮಾನಿಸುವ ಘಟಕ) 13 ಸಲ ರೀಸ್ಟಾರ್ಟ್ ಆಗಿವೆ! ಇದನ್ನು ನಾನು ನೋಡಿಯೇ ಇರಲಿಲ್ಲ.

---

ಗಂಡುಮೆಟ್ಟಿನನಾಡು · ಮಂಗಳವಾರ, ಮಧ್ಯಾಹ್ನ 2:05

ಹಂಗಾದ್ರ ಹಾದಿ ಸಿಕ್ತು ನೋಡ್ರಿ. ಕ್ಯೂಬ್‌ಸಿಟಿಎಲ್ ಲಾಗ್ಸ್‌ಗೆ --ಪ್ರೀವಿಯಸ್ ಹಾಕಿ ಹಿಂದಿನ ಕಂಟೈನರ್‌ದ ಕಡೀ ಹತ್ತು ಸಾಲು ಓದ್ರಿ. ಲೀಡರ್ ಎಲೆಕ್ಷನ್ ಲಾಸ್ಟ್ ಅಂತ ಇದ್ರ ಅನುಮಾನ ನೇರ ಎಟ್‌ಸಿಡಿ ಮ್ಯಾಲೆ. ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್ ಎರಡೂ 10 ಸೆಕೆಂಡಿನ್ಯಾಗ ತಮ್ಮ ನಾಯಕತ್ವದ ಲೀಸ್ ನವೀಕರಣ ಮಾಡಾಕ ಆಗಲಿಲ್ಲಂದ್ರ ನಾಯಕತ್ವ ಬಿಟ್ಟು ತಾವ ಸಾಯ್ತಾವು, ಕ್ಯೂಬ್‌ಲೆಟ್ ಮತ್ತ ಎಬ್ಬಸ್ತದ.

---

ಕಲಿಯುವವ · ಮಂಗಳವಾರ, ಸಂಜೆ 6:20

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಾಗಾದರೆ ಲೆವೆಲ್ ಏರಿಸುವುದು ಯಾವಾಗ ಸರಿ? ನಮ್ಮಲ್ಲಿ ಒಂದು ಪಾಡ್ ಯಾವಾಗಲೂ ಒಂದೇ ನೋಡ್‌ಗೆ ಹೋಗಿ ಕೂರುತ್ತದೆ, ಪಕ್ಕದ ನೋಡ್ ಖಾಲಿ ಇದ್ದರೂ. ಶೆಡ್ಯೂಲರ್ ಲಾಗ್‌ನಲ್ಲಿ ಏನೂ ಕಾಣುತ್ತಿಲ್ಲ.

---

ಸಂಪಿಗೆಮರ · ಮಂಗಳವಾರ, ರಾತ್ರಿ 8:15

ನಿಮ್ಮದು ಏರಿಸಲೇಬೇಕಾದ ಪ್ರಕರಣ. ಶೆಡ್ಯೂಲರ್‌ನ ದೃಷ್ಟಿಯಲ್ಲಿ ಅಲ್ಲಿ ಯಾವ ದೋಷವೂ ನಡೆದಿಲ್ಲ, ಆದ್ದರಿಂದ ಇ ಸಾಲು ಬರುವುದಿಲ್ಲ. ಯಾವ ಪ್ಲಗಿನ್ ಯಾವ ನೋಡ್‌ಗೆ ಎಷ್ಟು ಅಂಕ ಕೊಟ್ಟಿತು ಅನ್ನುವುದನ್ನು ಶೆಡ್ಯೂಲರ್ ಲೆವೆಲ್ 10ರಲ್ಲಿ ಮಾತ್ರ ಬರೆಯುತ್ತದೆ. ಐದು ನಿಮಿಷಕ್ಕೆ 10 ಮಾಡಿ, ಆ ಪಾಡ್ ಅಳಿಸಿ, ಮತ್ತೆ ಹುಟ್ಟಿದಾಗ ಅಂಕಗಳನ್ನು ಓದಿ, ಇಳಿಸಿಬಿಡಿ. ಎಷ್ಟೋ ಸಲ ಇಮೇಜ್ ಆಗಲೇ ಆ ನೋಡ್‌ನಲ್ಲಿದೆ ಅನ್ನುವ ಕಾರಣಕ್ಕೇ ಅಂಕ ಹೆಚ್ಚಿರುತ್ತದೆ.

ರೀಸ್ಟಾರ್ಟ್ ಇಲ್ಲದೆ ಏರಿಸುವ ದಾರಿಯೂ ಇದೆ. ಎಪಿಐ ಸರ್ವರ್, ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್, ಕ್ಯೂಬ್‌ಲೆಟ್ ಎಲ್ಲದರಲ್ಲೂ /ಡೀಬಗ್/ಫ್ಲ್ಯಾಗ್ಸ್/ವಿ ಅನ್ನುವ ವಿಳಾಸವಿದೆ. ಅದಕ್ಕೆ ಪುಟ್ ಕೋರಿಕೆಯಲ್ಲಿ ಬೇಕಾದ ಅಂಕಿ ಕಳಿಸಿದರೆ ಆ ಕ್ಷಣದಿಂದ ಲೆವೆಲ್ ಬದಲಾಗುತ್ತದೆ. ಎಪಿಐ ಸರ್ವರ್‌ಗಾದರೆ ಕ್ಯೂಬ್‌ಸಿಟಿಎಲ್ ಪ್ರಾಕ್ಸಿ ಓಡಿಸಿ ಕರ್ಲ್ ಮಾಡಿದರೆ ಸಾಕು. ಘಟಕ ರೀಸ್ಟಾರ್ಟ್ ಆದರೆ ಅಂಕಿ ಹಳೆಯದಕ್ಕೆ ಮರಳುತ್ತದೆ, ಮರೆತರೂ ಶಾಶ್ವತವಾಗಿ ಉಳಿಯುವುದಿಲ್ಲ ಅನ್ನುವುದು ನನಗಿಷ್ಟ. ಎರಡು ಎಚ್ಚರ ಬೇಕು. ಎಪಿಐ ಸರ್ವರ್ ಮೂರಿದ್ದು ಮುಂದೆ ಲೋಡ್ ಬ್ಯಾಲೆನ್ಸರ್ ಇದ್ದರೆ ನಿಮ್ಮ ಕೋರಿಕೆ ಯಾವುದೋ ಒಂದಕ್ಕೆ ತಲುಪಿರುತ್ತದೆ, ಉಳಿದೆರಡು ಹಾಗೇ ಇರುತ್ತವೆ. ಮತ್ತೆ, ಭದ್ರತೆಯ ದೃಷ್ಟಿಯಿಂದ --ಪ್ರೊಫೈಲಿಂಗ್=ಫಾಲ್ಸ್ ಹಾಕುವುದು ರೂಢಿ. ಕಂಟ್ರೋಲ್ ಪ್ಲೇನ್ ಘಟಕಗಳಲ್ಲಿ ಅದನ್ನು ಹಾಕಿದ್ದರೆ ಈ ವಿಳಾಸವೂ ಮುಚ್ಚಿಹೋಗುತ್ತದೆ.

ಇಡೀ ಘಟಕದ ಬದಲು ಒಂದೇ ಕೋಡ್ ಫೈಲಿನ ಲೆವೆಲ್ ಏರಿಸಬೇಕಾದರೆ --ವಿಮಾಡ್ಯೂಲ್ ಇದೆ. ಲಾಗ್ ಸಾಲಿನಲ್ಲೇ ಫೈಲಿನ ಹೆಸರು ಇರುತ್ತದಲ್ಲ, ಅದನ್ನೇ ಕೊಟ್ಟರಾಯಿತು. ಜೇಸನ್ ಮಾದರಿಯ ಲಾಗ್ ಬಳಸುತ್ತಿದ್ದರೆ ಇದು ನಡೆಯುವುದಿಲ್ಲ, ಸಾದಾ ಪಠ್ಯಕ್ಕೆ ಮಾತ್ರ.

---

ಕಲಿಯುವವ · ಮಂಗಳವಾರ, ರಾತ್ರಿ 8:40

ತುಂಬಾ ಉಪಕಾರವಾಯಿತು ಮೇಡಂ. ಇನ್ನೊಂದೇ ಪ್ರಶ್ನೆ, ನಮ್ಮ ಇನ್ನೊಂದು ಕ್ಲಸ್ಟರ್ ಕ್ಲೌಡ್‌ನಲ್ಲಿದೆ, ಅಮೆಜಾನ್‌ನವರೇ ನಡೆಸುವ ಇಕೆಎಸ್. ಅಲ್ಲಿ ಶೆಡ್ಯೂಲರ್‌ಗೆ 10 ಹಾಕುವುದು ಹೇಗೆ?

---

ರಾತ್ರಿಪಾಳಿ · ಮಂಗಳವಾರ, ರಾತ್ರಿ 9:10

ಆಗುವುದಿಲ್ಲ. ಅಲ್ಲಿ ಕಂಟ್ರೋಲ್ ಪ್ಲೇನ್‌ನ ಫ್ಲ್ಯಾಗ್‌ಗಳು ನಮ್ಮ ಕೈಯಲ್ಲಿಲ್ಲ. ಆ ಲಾಗ್‌ಗಳನ್ನು ಅಮೆಜಾನ್‌ನ ಲಾಗ್ ಸೇವೆಯಾದ ಕ್ಲೌಡ್‌ವಾಚ್‌ಗೆ ಕಳಿಸುವಂತೆ ಮಾಡಬಹುದು, ಡೀಫಾಲ್ಟ್ ಆಗಿ ಅದೂ ಆಫ್ ಇರುತ್ತದೆ. ವರ್ಕರ್ ನೋಡ್‌ಗಳ ಕ್ಯೂಬ್‌ಲೆಟ್ ಮಾತ್ರ ನಿಮ್ಮದು.

ಯಾರು ಏನು ಅಳಿಸಿದರು ಅನ್ನುವ ಪ್ರಶ್ನೆಗೂ ಲಾಗ್ ಲೆವೆಲ್ ಏರಿಸುವವರನ್ನು ಕಂಡಿದ್ದೇನೆ, ಹಾಗಾಗಿ ಹೇಳುತ್ತೇನೆ: ಅದಕ್ಕೆ ಆಡಿಟ್ ಲಾಗ್ ಬೇಕು. ಮೆಟಾಡೇಟಾ ಮಟ್ಟದಲ್ಲಿಟ್ಟರೂ ಯಾರು, ಯಾವಾಗ, ಯಾವುದನ್ನು ಅನ್ನುವುದು ಸಿಗುತ್ತದೆ.

---

ತುಂಗಾತೀರ · ಬುಧವಾರ, ಬೆಳಿಗ್ಗೆ 7:55

ಸಿಕ್ಕಿತು!

ಎಲ್ಲವೂ ಲೆವೆಲ್ 2ರಲ್ಲಿತ್ತು. 2:03ರಿಂದ ಕ್ಯೂಬ್‌ಲೆಟ್‌ನಲ್ಲಿ ಇ ಸಾಲುಗಳು: ಫೇಲ್ಡ್ ಟು ಅಪ್‌ಡೇಟ್ ಲೀಸ್, ಕಾರಣ ಎಟ್‌ಸಿಡಿಸರ್ವರ್ ರಿಕ್ವೆಸ್ಟ್ ಟೈಮ್ಡ್ ಔಟ್. ಕಂಟ್ರೋಲರ್ ಮ್ಯಾನೇಜರ್‌ನ ಹಿಂದಿನ ಕಂಟೈನರ್‌ನಲ್ಲಿ ಕೊನೆಯ ಸಾಲು ನೀವು ಹೇಳಿದ್ದೇ, ಲೀಡರ್ ಎಲೆಕ್ಷನ್ ಲಾಸ್ಟ್. ಎಟ್‌ಸಿಡಿ ಲಾಗ್ ತೆರೆದರೆ 2:02ರಿಂದ ಸಾಲುಸಾಲಾಗಿ ಅಪ್ಲೈ ರಿಕ್ವೆಸ್ಟ್ ಟುಕ್ ಟೂ ಲಾಂಗ್. ಅದರ ನಡುವೆ ಸ್ಲೋ ಎಫ್‌ಡೇಟಾಸಿಂಕ್ (ಡಿಸ್ಕ್‌ಗೆ ಬರೆಯುವುದು ನಿಧಾನ), ಒಂದರಲ್ಲಿ 6 ಸೆಕೆಂಡ್ ಅಂತಿದೆ. ಎಟ್‌ಸಿಡಿಗೂ ಡೀಬಗ್ ಹಾಕಿ ನೋಡಬೇಕೇ?

---

ರಾತ್ರಿಪಾಳಿ · ಬುಧವಾರ, ಬೆಳಿಗ್ಗೆ 8:20

ಬೇಡ. ಎಟ್‌ಸಿಡಿಗೆ ಕೆ-ಲಾಗ್ ಅಂಕಿಗಳು ಅನ್ವಯಿಸುವುದಿಲ್ಲ, ಅದರ ಫ್ಲ್ಯಾಗ್ --ಲಾಗ್-ಲೆವೆಲ್, ಅದರ ಮೌಲ್ಯಗಳು ಡೀಬಗ್, ಇನ್ಫೋ, ವಾರ್ನ್ ಇತ್ಯಾದಿ ಪದಗಳು. ಬದಲಾಯಿಸುವ ಅಗತ್ಯವೇ ಇಲ್ಲ, ಅದು ಹೇಳಬೇಕಾದ್ದನ್ನು ಹೇಳಿಬಿಟ್ಟಿದೆ. ಎಟ್‌ಸಿಡಿ ಪ್ರತಿ ಬರಹವನ್ನೂ ಡಿಸ್ಕ್‌ಗೆ ಮುಟ್ಟಿಸಿದ ಮೇಲೆಯೇ ಸರಿ ಅನ್ನುತ್ತದೆ. ಆ ಮುಟ್ಟಿಸುವ ಕೆಲಸ ಶೇ. 99 ಸಲ 10 ಮಿಲಿಸೆಕೆಂಡಿನೊಳಗೆ ಮುಗಿಯಬೇಕು ಅನ್ನುತ್ತಾರೆ. ನಿಮ್ಮಲ್ಲಿ 6 ಸೆಕೆಂಡ್. ಮೊನ್ನೆ ರಾತ್ರಿ ಎಪಿಐ ಸರ್ವರ್ ಲೆವೆಲ್ 8ರಲ್ಲಿ ಬರೆಯುತ್ತಿದ್ದದ್ದೂ ಅದೇ ಡಿಸ್ಕ್‌ಗೆ ಅನ್ನುವುದು ನೆನಪಿರಲಿ.

ಪ್ರಶ್ನೆ ಈಗ ಕುಬರ್ನೆಟೀಸ್‌ನದ್ದಲ್ಲ. ರಾತ್ರಿ ಎರಡಕ್ಕೆ ಆ ಡಿಸ್ಕ್ ಮೇಲೆ ಇನ್ನೇನು ನಡೆಯುತ್ತದೆ? ವರ್ಚುವಲ್ ಮಷಿನ್‌ಗಳ ತಂಡದವರನ್ನು ಕೇಳಿ.

---

ತುಂಗಾತೀರ · ಬುಧವಾರ, ಮಧ್ಯಾಹ್ನ 3:30

ಕೇಳಿದೆ. ಎರಡು ವಾರದ ಹಿಂದೆ ಹೊಸ ಬ್ಯಾಕಪ್ ವ್ಯವಸ್ಥೆ ಬಂದಿದೆ. ರಾತ್ರಿ 2:00ಕ್ಕೆ ಮೂರೂ ಕಂಟ್ರೋಲ್ ಪ್ಲೇನ್ ಮಷಿನ್‌ಗಳ ಸ್ನ್ಯಾಪ್‌ಶಾಟ್ ಒಟ್ಟಿಗೇ ತೆಗೆಯುತ್ತಾರಂತೆ. ಮೂರೂ ಇರುವುದು ಒಂದೇ ಸ್ಟೋರೇಜ್ ಮೇಲೆ. ಇಂದಿನಿಂದ ಆ ಮೂರನ್ನು ಪಟ್ಟಿಯಿಂದ ತೆಗೆಸಿದ್ದೇನೆ, ಬದಲಿಗೆ ಎಟ್‌ಸಿಡಿಸಿಟಿಎಲ್‌ನಿಂದಲೇ ಎಟ್‌ಸಿಡಿಯ ಸ್ನ್ಯಾಪ್‌ಶಾಟ್ ತೆಗೆದು ಬೇರೆ ಕಡೆ ಸಾಗಿಸುತ್ತೇವೆ. ಎಟ್‌ಸಿಡಿಗೆ ಬೇರೆ ಎಸ್‌ಎಸ್‌ಡಿ ಕೊಡಲು ಒಪ್ಪಿದ್ದಾರೆ, ಮುಂದಿನ ತಿಂಗಳು.

---

ಗಂಡುಮೆಟ್ಟಿನನಾಡು · ಬುಧವಾರ, ಸಂಜೆ 5:12

ಭಾಳ ಚಲೋ ಆತು. ಆ ಸ್ನ್ಯಾಪ್‌ಶಾಟ್‌ನಿಂದ ಒಮ್ಮೆ ಬೇರೆ ಮಷಿನ್ ಮ್ಯಾಲೆ ರೀಸ್ಟೋರ್ ಮಾಡಿ ನೋಡ್ರಿ, ಮರೀಬ್ಯಾಡ್ರಿ.

---

ತುಂಗಾತೀರ · ಶನಿವಾರ, ಬೆಳಿಗ್ಗೆ 9:40

ಮೂರು ರಾತ್ರಿ ಅಲರ್ಟ್ ಇಲ್ಲ, ರೀಸ್ಟಾರ್ಟ್ ಎಣಿಕೆಯೂ ನಿಂತಲ್ಲೇ ನಿಂತಿದೆ. ರೀಸ್ಟೋರ್ ಪರೀಕ್ಷೆ ನಿನ್ನೆ ಮುಗಿಯಿತು. ಇವತ್ತು ಎಲ್ಲ ನೋಡ್‌ಗಳ ಫ್ಲ್ಯಾಗ್‌ಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಮೊದಲ ಕಂಟ್ರೋಲ್ ಪ್ಲೇನ್‌ನಲ್ಲಿ ಮಂಗಳವಾರ ಆ ನಕಲು ಫೈಲನ್ನು ಸಾಗಿಸಿದಾಗ ತಿದ್ದಿದ ಫೈಲು ಜೀವ ಪಡೆದು, ಅಲ್ಲಿ ಮಾತ್ರ ಇವತ್ತಿನವರೆಗೂ 8 ಉಳಿದುಬಿಟ್ಟಿತ್ತು. ಈಗ 2ಕ್ಕೆ ಇಳಿಸಿದೆ.